ಕ್ಯಾಲ್ಕುಲಸ್ ತಲೆಗೆ ಹತ್ತಲ್ಲ ಅನ್ನೋರ ನೋಟ್‌ಬುಕ್‌ನಲ್ಲಿ ನಾನು ಮೊದಲು ಹುಡುಕೋದು ಆಲ್ಜೀಬ್ರಾ

ಕ್ಯಾಲ್ಕುಲಸ್ ಹೊಸದಾಗಿ ಶುರು ಮಾಡಿದವರಿಗೆ ಹೇಳಿಕೊಡ್ತಾ ಬಂದಿದೀನಿ, ಅದರಲ್ಲಿ ಮತ್ತೆ ಮತ್ತೆ ಕಾಣೋದು ಇದೇ. ಲಿಮಿಟ್ ಅಂದ್ರೇನು ಕೇಳಿದ್ರೆ ಚೆನ್ನಾಗೇ ಹೇಳ್ತಾರೆ, ಡಿರಿವೇಟಿವ್ ಅಂದ್ರೆ ಒಂದು ಬಿಂದುವಲ್ಲಿ ಗ್ರಾಫಿನ ಸ್ಲೋಪ್ (ಇಳಿಜಾರು) ಅನ್ನೋದೂ ಗೊತ್ತು, ಪೆನ್ನು ಹಿಡಿದು ಕೂತ್ರೆ ಮಾತ್ರ ಉತ್ತರ ಬರಲ್ಲ. ನೋಟ್‌ಬುಕ್ ಇಸ್ಕೊಂಡು ಒಂದೊಂದೇ ಸಾಲು ನೋಡಿದ್ರೆ ಕ್ಯಾಲ್ಕುಲಸ್ ಬರೋ ಸಾಲು ಸರಿಯಾಗೇ ಇರತ್ತೆ, ಅದರ ಹಿಂದೆ ಮುಂದೆ ಇರೋ ಆಲ್ಜೀಬ್ರಾದಲ್ಲಿ ಎಡವಿರ್ತಾರೆ. ಪಾಪ, ಅವರು ಅದನ್ನ ಕ್ಯಾಲ್ಕುಲಸ್ ಮೇಲೆ ಹಾಕಿ ಬಿಟ್ಟೇ ಬಿಡ್ತಾರೆ, ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷಯ.

ಹಂಗಂತ ವಾಪಸ್ ಹೋಗಿ ಇಡೀ ಆಲ್ಜೀಬ್ರಾ ಮೊದಲಿಂದ ಓದ್ಕೊಂಡು ಬನ್ನಿ ಅಂತ ನಾನು ಯಾರಿಗೂ ಹೇಳಲ್ಲ. ಶುರುವಿನ ಕ್ಯಾಲ್ಕುಲಸ್‌ಗೆ ಬೇಕಾಗೋದು ಅದರಲ್ಲಿ ಸ್ವಲ್ಪವೇ, ಆ ಸ್ವಲ್ಪವನ್ನ ಡಿರಿವೇಟಿವ್ ಲೆಕ್ಕದ ಒಳಗೇ ಕೂರಿಸಿ ಕಲಿಸ್ತೀನಿ, ಯಾಕೆ ಬೇಕು ಅನ್ನೋದು ಅಲ್ಲೇ ಕಣ್ಣಿಗೆ ಕಾಣತ್ತೆ.

ಡಿರಿವೇಟಿವ್ ತೆಗೆಯಕ್ಕೆ ಎಕ್ಸ್‌ಗೆ ಎಚ್ ಅನ್ನೋ ಚಿಕ್ಕ ಸಂಖ್ಯೆ ಸೇರಿಸಿ, ಎಫ್(ಎಕ್ಸ್ + ಎಚ್)ನಿಂದ ಎಫ್(ಎಕ್ಸ್) ಕಳೆದು, ಎಚ್‌ನಿಂದ ಭಾಗಿಸಿ, ಎಚ್ ಸೊನ್ನೆ ಹತ್ತಿರ ಹೋದ ಹಾಗೆ ಉತ್ತರ ಎಲ್ಲಿಗೆ ಹೋಗತ್ತೆ ಅಂತ ನೋಡ್ತೀವಿ, ಅದೇ ಲಿಮಿಟ್. ಇದರಲ್ಲಿ ಮೊದಲ ಎಡವು ಎಫ್(ಎಕ್ಸ್ + ಎಚ್). ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಅಂತ ತಗೊಳ್ಳಿ. ತುಂಬಾ ಜನ ಎಕ್ಸ್² − 3ಎಕ್ಸ್ + ಎಚ್ ಅಂತ ಕೊನೆಗೆ ಒಂದು ಎಚ್ ಸೇರಿಸ್ತಾರೆ. ಇದು ತಪ್ಪು ಅಂತ ಬರೀ ಬಾಯಲ್ಲಿ ಹೇಳಿದ್ರೆ ನಿಲ್ಲಲ್ಲ, ಅದಕ್ಕೆ ಹಂಗೇ ಮುಂದುವರಿಸಿ ಅಂತೀನಿ. ಎಫ್(ಎಕ್ಸ್) ಕಳೆದ್ರೆ ಎಚ್ ಉಳಿಯತ್ತೆ, ಎಚ್‌ನಿಂದ ಭಾಗಿಸಿದ್ರೆ 1. ಯಾವ ಫಂಕ್ಷನ್ ಕೊಟ್ರೂ ಡಿರಿವೇಟಿವ್ 1 ಅಂತಾನೇ ಬರತ್ತೆ, ಎಲ್ಲಾ ಗ್ರಾಫಿಗೂ ಒಂದೇ ಸ್ಲೋಪ್ ಇರಕ್ಕೆ ಸಾಧ್ಯಾನಾ? ಅಲ್ಲಿಗೆ ಅವರೇ ನಿಂತು ಯೋಚನೆ ಮಾಡ್ತಾರೆ. ಆಮೇಲೆ ಎಕ್ಸ್ ಇರೋ ಜಾಗದಲ್ಲೆಲ್ಲಾ ಖಾಲಿ ಬ್ರಾಕೆಟ್ ಬರೆಸ್ತೀನಿ, ( )² − 3( ), ಆ ಎರಡು ಬ್ರಾಕೆಟ್ ಒಳಗೂ ಎಕ್ಸ್ + ಎಚ್ ತುಂಬಿಸಿ ಬಿಡಿಸಿದ್ರೆ ಎಕ್ಸ್² + 2ಎಕ್ಸ್ಎಚ್ + ಎಚ್² − 3ಎಕ್ಸ್ − 3ಎಚ್.

ಈಗ ಇದರಿಂದ ಎಫ್(ಎಕ್ಸ್) ಕಳೀಬೇಕು, ಇಲ್ಲಿ ಮೈನಸ್ ಕೈ ಕೊಡತ್ತೆ. ಮೈನಸ್ ಮೊದಲ ಪದಕ್ಕೆ ಮಾತ್ರ ಹೋಗಿ − ಎಕ್ಸ್² − 3ಎಕ್ಸ್ ಆಗ್ಬಿಡತ್ತೆ, ಆಗಬೇಕಿರೋದು − ಎಕ್ಸ್² + 3ಎಕ್ಸ್. ಇದನ್ನ ಹಿಡಿಯಕ್ಕೆ ನಾನು ಎಲ್ಲರಿಗೂ ಹೇಳೋ ಒಂದು ಗುರುತಿದೆ, ಇದೊಂದು ಗೊತ್ತಿದ್ರೆ ಅರ್ಧ ತಲೆನೋವು ಕಮ್ಮಿ: ಇಂಥ ಬಹುಪದಗಳಲ್ಲಿ ಕಳೆದಾದ ಮೇಲೆ ಉಳಿಯೋ ಪ್ರತಿ ಪದದಲ್ಲೂ ಎಚ್ ಇರಲೇಬೇಕು. ಮೈನಸ್ ತಪ್ಪಿದ್ರೆ − 6ಎಕ್ಸ್ ಅಂತ ಎಚ್ ಇಲ್ಲದ ಒಂದು ಪದ ಉಳ್ಕೊಂಡಿರತ್ತೆ. ಅದು ಕಂಡ ತಕ್ಷಣ ಲಿಮಿಟ್ ಕಡೆ ಹೋಗೋದೇ ಬೇಡ, ಮೇಲಿನ ಸಾಲಿಗೆ ವಾಪಸ್ ಹೋಗಿ ನೋಡಿ.

ಸರಿಯಾಗಿ ಮಾಡಿದ್ರೆ ಉಳಿಯೋದು 2ಎಕ್ಸ್ಎಚ್ + ಎಚ್² − 3ಎಚ್, ಕೆಳಗೆ ಎಚ್. ಕೆಲವರು ಮೊದಲ ಪದದ ಎಚ್ ಒಂದನ್ನೇ ಹೊಡೆದು ಹಾಕಿ 2ಎಕ್ಸ್ + ಎಚ್² − 3ಎಚ್ ಅಂತ ಬರೀತಾರೆ, ಎಚ್ ಸೊನ್ನೆಗೆ ಹೋದ್ರೆ 2ಎಕ್ಸ್. ನೋಡಕ್ಕೆ ಚೆಂದಾಗಿರೋ ಉತ್ತರ, ಆದ್ರೆ ತಪ್ಪು, ಯಾವ ಎಚ್ಚರಿಕೆಯೂ ಕೊಡದೆ ಬರೋದ್ರಿಂದ ನಂಗೆ ಇದೇ ಎಲ್ಲಕ್ಕಿಂತ ಅಪಾಯ ಅನ್ಸತ್ತೆ. ಅದಕ್ಕೇ ಎಚ್(2ಎಕ್ಸ್ + ಎಚ್ − 3) ಅಂತ ಹೊರಗೆ ತೆಗೆದು ಬರೆದ ಮೇಲೇ ಹೊಡೆದು ಹಾಕಬೇಕು, ಆ ಸಾಲು ಹಾರಿಸೋ ಹಾಗಿಲ್ಲ. ಉತ್ತರ 2ಎಕ್ಸ್ − 3.

1/ಎಕ್ಸ್ ಬಂದ್ರೆ ಛೇದ ಸಮ ಮಾಡೋದು, √ಎಕ್ಸ್ ಬಂದ್ರೆ √(ಎಕ್ಸ್ + ಎಚ್) + √ಎಕ್ಸ್‌ನಿಂದ ಮೇಲೂ ಕೆಳಗೂ ಗುಣಿಸೋದು, ಇವೆರಡರ ಉದ್ದೇಶಾನೂ ಮೇಲಿಂದ ಒಂದು ಎಚ್ ಹೊರಗೆ ತರೋದೇ, ಅದು ಗೊತ್ತಾದ್ರೆ ಬಾಯಿಪಾಠ ಬೇಕಾಗಲ್ಲ. √(ಎಕ್ಸ್² + 9) ಅನ್ನೋದನ್ನ ಎಕ್ಸ್ + 3 ಮಾಡೋರಿಗೆ ಎಕ್ಸ್ ಜಾಗದಲ್ಲಿ 4 ಹಾಕಿ ನೋಡಿ ಅಂತೀನಿ, ಒಂದು ಕಡೆ 5, ಇನ್ನೊಂದು ಕಡೆ 7. ಅನುಮಾನ ಬಂದಾಗೆಲ್ಲ ಹಿಂಗೆ ಒಂದು ಸಂಖ್ಯೆ ಹಾಕಿ ನೋಡೋ ಅಭ್ಯಾಸ ಬೆಳೆಸ್ಕೊಳ್ಳಿ, ಸೊನ್ನೆ ಮತ್ತೆ ಒಂದು ಬಿಟ್ಟು, ಯಾಕಂದ್ರೆ ಅವೆರಡಕ್ಕೆ ಎಷ್ಟೋ ಸಲ ತಪ್ಪೂ ಸರಿ ಅಂತಾನೇ ಕಾಣತ್ತೆ.

ಪವರ್ ರೂಲ್ (ಘಾತವನ್ನ ಮುಂದೆ ತಂದು ಗುಣಿಸಿ, ಘಾತದಲ್ಲಿ ಒಂದು ಕಮ್ಮಿ ಮಾಡೋ ನಿಯಮ) ಬಂದ ಮೇಲೆ ತೊಂದರೆ ಘಾತದ ಕಡೆ ಹೋಗತ್ತೆ. 1/(3ಎಕ್ಸ್²) ಕೊಟ್ರೆ 3ಎಕ್ಸ್⁻² ಅಂತ ಬರೆಯೋರು ಬಹಳ, 3 ಕೆಳಗೇ ಇರಬೇಕು, ಮೇಲೆ ಬರೋದು ಎಕ್ಸ್ ಮಾತ್ರ, ಅಂದ್ರೆ (1/3)ಎಕ್ಸ್⁻². ಅದಕ್ಕೆ ಡಿರಿವೇಟಿವ್ ತೆಗೆಯೋ ಮುಂಚೆ ಬರೀ ರೂಪ ಬದಲಾಯಿಸಕ್ಕೇ ಒಂದು ಸಾಲು ಬರೆಸ್ತೀನಿ, ಆ ಸಾಲಲ್ಲಿ ಕ್ಯಾಲ್ಕುಲಸ್ ಮಾಡೋ ಹಾಗಿಲ್ಲ.

ಕೊನೆಗೆ ಗರಿಷ್ಠ ಕನಿಷ್ಠ ಹುಡುಕೋ ಲೆಕ್ಕ, ಇದಕ್ಕೆ ಸ್ಲೋಪ್ ಸೊನ್ನೆ ಆಗೋ ಜಾಗ ಹುಡುಕ್ತೀವಿ. ಎಕ್ಸ್³ − 3ಎಕ್ಸ್² ಅದರ ಡಿರಿವೇಟಿವ್ 3ಎಕ್ಸ್² − 6ಎಕ್ಸ್ ಅಂತ ಸರಿಯಾಗಿ ತೆಗೀತಾರೆ, ಸೊನ್ನೆಗೆ ಸಮ ಮಾಡ್ತಾರೆ, 3ಎಕ್ಸ್² = 6ಎಕ್ಸ್ ಅಂತ ಬರೆದು ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಎಕ್ಸ್ = 2 ಅಂತ ಮುಗಿಸ್ತಾರೆ. ಎಕ್ಸ್ ಸೊನ್ನೆ ಆಗಿರಬಹುದು, ಸೊನ್ನೆಯಿಂದ ಭಾಗಿಸೋ ಹಾಗಿಲ್ಲ, ಹಂಗೆ ಭಾಗಿಸಿದಾಗ ಆ ಉತ್ತರಾನೇ ಕಳೆದು ಹೋಗತ್ತೆ. ಎಲ್ಲಾ ಒಂದೇ ಕಡೆ ಇಟ್ಟು 3ಎಕ್ಸ್(ಎಕ್ಸ್ − 2) = 0 ಅಂತ ಬರೆದ್ರೆ 0, 2 ಎರಡೂ ಸಿಗತ್ತೆ, 2ರಲ್ಲಿ ಗ್ರಾಫ್ ತಗ್ಗಿಗೆ ಇಳಿದು ಮತ್ತೆ ಏರತ್ತೆ, ಅದಕ್ಕೂ ಮುಂಚೆ ಗ್ರಾಫ್ ಏರೋದು ಮುಗಿದು ಇಳಿಯಕ್ಕೆ ಶುರುವಾಗೋ ಜಾಗ ಇರೋದು ಆ ಬಿಟ್ಟು ಹೋದ 0ಯಲ್ಲೇ.