650 ಪದ ತುಂಬಿಸುವುದನ್ನು ಬಿಟ್ಟ ಮೇಲೆ: ನನ್ನ ಅನುಭವ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಪಿಯುಸಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ಬೆಂಗಳೂರಿನಲ್ಲಿ ಸುಮಾರು ಒಂಬತ್ತು ವರ್ಷಗಳಿಂದ ತಿದ್ದಿಕೊಡುತ್ತಿರುವ ನಾನು, ಮೊದಲ ನಾಲ್ಕು ವರ್ಷ ಎಲ್ಲರಿಂದಲೂ 640 ಪದ ದಾಟಿಸಿಯೇ ಬರೆಸುತ್ತಿದ್ದೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ವ್ಯವಸ್ಥೆಯಾದ ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ ಕನಿಷ್ಠ 250, ಗರಿಷ್ಠ 650 ಪದ ಎಂಬುದು ನಮಗೆಲ್ಲ ತಿಳಿದದ್ದೇ. ಕೊಟ್ಟ ಜಾಗವನ್ನು ಖಾಲಿ ಬಿಟ್ಟರೆ ವಿದ್ಯಾರ್ಥಿಗೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆ ಎಂಬ ಸಹೋದ್ಯೋಗಿಗಳ ಮಾತನ್ನು ನಾನೂ ನಂಬಿದ್ದೆ. ಅದಕ್ಕೆ ಬೆಲೆ ತೆತ್ತಿದ್ದೇನೆ: ಒಂದು ವರ್ಷ ಇಬ್ಬರು ಪೋಷಕರಿಗೆ ಒಟ್ಟು ನಲವತ್ತು ಸಾವಿರದಷ್ಟು ಶುಲ್ಕವನ್ನು ಹಿಂದಿರುಗಿಸಬೇಕಾಯಿತು, ಏಕೆಂದರೆ ಇಬ್ಬರ ಮಕ್ಕಳ ಪ್ರಬಂಧಗಳೂ ಕೊನೆಯ ನೂರೈವತ್ತು ಪದಗಳಲ್ಲಿ ಒಂದೇ ಬಗೆಯ ಉಪದೇಶಕ್ಕೆ ಇಳಿದಿದ್ದವು.

ನನ್ನ ದಾರಿ ಬದಲಾದದ್ದು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆತನದ ವಿದ್ಯಾರ್ಥಿನಿಯೊಬ್ಬಳಿಂದ. ಆಕೆಯ ಕರಡಿನಲ್ಲಿ 648 ಪದಗಳಿದ್ದವು. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕುವ ಅಜ್ಜಿಗೆ ಎರಡು ಸಾಲು, ಉಳಿದದ್ದೆಲ್ಲ ಪರಿಶ್ರಮದ ಮಹತ್ವ. ಬರೆದದ್ದನ್ನು ಬದಿಗಿಡಿಸಿ, ಅಜ್ಜಿಯ ಸಂಗತಿಯಷ್ಟನ್ನೇ ಕನ್ನಡದಲ್ಲಿ ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ. ಮಾತು ತಾನಾಗಿ ನಿಂತಲ್ಲೇ ಪ್ರಬಂಧವೂ ನಿಲ್ಲಬೇಕೆಂದು ತೀರ್ಮಾನಿಸಿದೆ. ಇಂಗ್ಲಿಷಿನಲ್ಲಿ ಅದು 470ರ ಆಸುಪಾಸಿಗೆ ಬಂತು. ಆಕೆಯ ತಂದೆಯವರು ಸುಲಭಕ್ಕೆ ಒಪ್ಪಲಿಲ್ಲ, ಸಹೋದ್ಯೋಗಿಗಳು ನಕ್ಕರು. ಅರ್ಜಿ ಹಾಕಿದ ಎಂಟು ಕಾಲೇಜುಗಳ ಪೈಕಿ ಮೂರರಲ್ಲಿ ಪ್ರವೇಶವೂ ಒಂದರಲ್ಲಿ ವಿದ್ಯಾರ್ಥಿವೇತನವೂ ದೊರೆತಾಗ ನಾನು ಮಾಡಿದ್ದು ಸರಿಯೆಂದು ಅವರೇ ಒಪ್ಪಿಕೊಂಡರು.

ನಡುವೆ, ಪೂರ್ತಿ ಕನ್ನಡದಲ್ಲೇ ಬರೆಸಿ ಅನುವಾದಿಸಿಯೂ ನೋಡಿದೆ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 'ಮನೆಯಿಂದಲೇ' ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ ಪದಗಳು ಬೇಕಾಗುತ್ತವೆ. 400 ಪದಗಳ ಕನ್ನಡ ಕರಡು 600 ದಾಟಿತು. ಅಂದಿನಿಂದ ಕನ್ನಡದ ಎಣಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಬರೆಯಬೇಕಾದ ನಾಲ್ಕು ಉತ್ತರಗಳಿಗೂ ಬಾಯಲ್ಲಿ ಹೇಳಿಸುವ ಇದೇ ಕ್ರಮ ಒಗ್ಗುತ್ತದೆ. ಒಂದೊಂದಕ್ಕೂ 350 ಪದಗಳ ಮಿತಿಯಿರುವುದರಿಂದ ನಾಲ್ಕು ಸಲ ಬೇರೆ ಬೇರೆಯಾಗಿ ಮಾತನಾಡಿಸಬೇಕು, ಅಷ್ಟೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿ ವ್ಯವಸ್ಥೆಯಾದ ಯುಕ್ಯಾಸ್‌ಗೆ ಮಾತ್ರ ಇದು ಹೊಂದಲಿಲ್ಲ. ಅಲ್ಲಿ ಖಾಲಿ ಜಾಗವೂ ಸೇರಿ 4,000 ಅಕ್ಷರಗಳ ಲೆಕ್ಕ, ಕೇಳುವುದೂ ಓದಿನ ವಿಷಯವನ್ನೇ. ಧ್ವನಿಮುದ್ರಣ ಆರಂಭಿಸುವ ಮುನ್ನ ಕೇಳುವ ಎರಡು ಪ್ರಶ್ನೆಗಳನ್ನು ಇಲ್ಲಿ ಹೇಳಲಾರೆ, ನನ್ನ ಜೀವನ ನಡೆಯುವುದೇ ಅವುಗಳಿಂದ.

ಕಳೆದ ವರ್ಷ ಹದಿನಾಲ್ಕು ಮಂದಿಯ ಪ್ರಬಂಧಗಳಲ್ಲಿ ಹೆಚ್ಚಿನವು 430ರಿಂದ 580 ಪದಗಳೊಳಗೆ ನಿಂತವು. ಎರಡು ಮಾತ್ರ 650ರ ಅಂಚಿಗೆ ಬಂದವು. ಅವುಗಳಿಂದ ಒಂದು ವಾಕ್ಯವನ್ನೂ ತೆಗೆಯಲು ನನ್ನಿಂದಾಗಲಿಲ್ಲ.