ಲ್ಯಾಬಿನ ಗಾಳಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ ಬಗೆ: ನನ್ನ ಅನುಭವ

ಚಿಲ್ಡ್ ಬೀಮ್ (ತಣ್ಣೀರು ಹರಿಸಿ ಕೋಣೆ ತಂಪು ಮಾಡುವ ಸೀಲಿಂಗ್ ಘಟಕ) ತೊಟ್ಟಿಕ್ಕುತ್ತೆ, ಹುಡ್‌ನಿಂದ (ರಾಸಾಯನಿಕ ಹೊಗೆ ಎಳೆದುಕೊಳ್ಳುವ ಪೆಟ್ಟಿಗೆ) ಹೊಗೆ ಆಚೆ ಬರುತ್ತೆ. ನಮ್ಮ ಲ್ಯಾಬ್ ಕಟ್ಟಡದ ಗಾಳಿ, ತಂಪಿನ ವ್ಯವಸ್ಥೆಯ ಡ್ರಾಯಿಂಗ್ ತೋರಿಸಿದಾಗ ಎಲ್ಲರೂ ಎತ್ತಿದ ತಕರಾರು ಇವೆರಡೇ. ಎರಡೂ ಆದವು, ನಿಜ. ಯಾಕಾದವು, ಹೇಗೆ ನಿಂತವು ಅನ್ನುವುದೇ ಇಲ್ಲಿನ ವಿಷಯ. ಎರಡು ವರ್ಷದಿಂದ ಕಟ್ಟಡ ಸರಿಯಾಗಿ ಓಡುತ್ತಿದೆ.

ಲ್ಯಾಬ್ ಜಾಗ ಹೆಚ್ಚುಕಡಿಮೆ 900 ಚದರ ಮೀಟರ್, ಎತ್ತರ 3 ಮೀಟರ್, 1.8 ಮೀಟರ್ ಅಗಲದ ಫ್ಯೂಮ್ ಹುಡ್ 24. ಸ್ಯಾಷ್ (ಹುಡ್ ಮುಂದಿನ ಜಾರುವ ಗಾಜು) ಪೂರ್ತಿ ಎತ್ತಿ, ಬಾಯಲ್ಲಿ ಸೆಕೆಂಡಿಗೆ 0.5 ಮೀಟರ್ ವೇಗ ಹಿಡಿದರೆ ಒಂದು ಹುಡ್ ಗಂಟೆಗೆ 1,900 ಘನ ಮೀಟರ್ ಎಳೆಯುತ್ತದೆ. ಒಟ್ಟು 45,000 ದಾಟಿತು. ಮೊದಲ ಡಿಸೈನ್ ಹಾಗೇ ಇತ್ತು. ಅಷ್ಟೂ ಹೊರಗಿನ ಗಾಳಿ; ತಣ್ಣಗೆ ಮಾಡಿ, ತೇವ ತೆಗೆದು, ಒಂದೇ ಸಲ ಬಳಸಿ ತಾರಸಿಯಿಂದ ಆಚೆ ಬಿಡಬೇಕು. ಈ ಖರ್ಚಿನ ಮುಂದೆ ಗೋಡೆಯ ಇನ್ಸುಲೇಷನ್, ಕಿಟಕಿಯ ಗಾಜು ಎಲ್ಲ ಚಿಲ್ಲರೆ ಬಾಬತ್ತು.

ಸ್ಯಾಷ್‌ಗೆ 450 ಮಿ.ಮೀ.ನಲ್ಲಿ ತಡೆ ಹಾಕಿದ್ದರಿಂದ ಹುಡ್‌ಗೆ 1,200 ಆಯಿತು. 70% ಡೈವರ್ಸಿಟಿ (ಒಟ್ಟು ಸಾಮರ್ಥ್ಯದಲ್ಲಿ ಒಂದೇ ಹೊತ್ತಿಗೆ ಬೇಕಾಗುವುದು ಇಷ್ಟೇ ಅನ್ನುವ ಅಂದಾಜು) ಹಿಡಿದು ಪೀಕ್ 20,000ಕ್ಕೆ ತಂದೆವು. ರಾತ್ರಿ ಗಂಟೆಗೆ 4 ಏರ್ ಚೇಂಜ್ (ಕೋಣೆಯ ಅಷ್ಟೂ ಗಾಳಿ ನಾಲ್ಕು ಸಲ ಬದಲಾಗುವುದು), ಅಂದರೆ 10,800ರ ಆಸುಪಾಸು. ಡಕ್ಟ್, ಎಎಚ್‌ಯು (ಗಾಳಿ ತಣಿಸಿ ಕಳಿಸುವ ಯಂತ್ರ), ಚಿಲ್ಲರ್ (ನೀರು ತಣಿಸುವ ಯಂತ್ರ) ಮೂರೂ ಚಿಕ್ಕವಾದವು. ಅಲ್ಲಿ ಉಳಿದ ದುಡ್ಡೇ ವಿಎವಿ ವಾಲ್ವ್ (ಬೇಕಾದಷ್ಟೇ ಗಾಳಿ ಬಿಡುವ ವಾಲ್ವ್), ಕಂಟ್ರೋಲ್‌ಗಳ ಮುಕ್ಕಾಲು ಪಾಲು ತುಂಬಿತು. ದೊಡ್ಡ ಯಂತ್ರಗಳನ್ನು ಹಾಗೇ ಉಳಿಸಿಕೊಂಡು ಮೇಲೆ ಕಂಟ್ರೋಲ್ ಸೇರಿಸಿದರೆ ಈ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಪ್ಲಾನ್ ಗಟ್ಟಿಯಾಗುವ ಮೊದಲೇ ಈ ಜಗಳ ಮುಗಿಯಬೇಕು.

ಆರ್ಕಿಟೆಕ್ಟ್ ಕೈಯಿಂದ ಪಡೆದದ್ದು ಮೂರು. ಬರೆಯುವ ಮೇಜುಗಳು ಗಾಜಿನ ಗೋಡೆಯ ಆಚೆ ಹೋದವು. ಅಲ್ಲಿಯ ಗಾಳಿಯೇ ಲ್ಯಾಬಿಗೆ ಹರಿದು ಎರಡನೇ ಸಲ ಕೆಲಸ ಮಾಡುತ್ತದೆ. ಹುಡ್‌ಗಳೆಲ್ಲ ಶಾಫ್ಟ್‌ನ (ಡಕ್ಟ್ ಮೇಲೇರುವ ದಾರಿ) ಬೆನ್ನಿಗೆ ಬಂದವು, ಡಕ್ಟ್ ನೇರವಾಯಿತು. ಮೂರನೆಯದಕ್ಕೆ ತುಂಬ ಗುದ್ದಾಡಬೇಕಾಯಿತು: ಎಎಚ್‌ಯು ಕೋಣೆಗೆ ಇನ್ನೊಂದು 15 ಚದರ ಮೀಟರ್. ಜಾಗ ಸಿಕ್ಕಿ ಅಗಲದ ಕಾಯಿಲ್ (ಗಾಳಿ ತಣಿಸುವ ಪೈಪಿನ ಸುರುಳಿ) ಇಟ್ಟು, ಅದರ ಮೇಲಿನ ಗಾಳಿವೇಗ ಸೆಕೆಂಡಿಗೆ 2.5 ಮೀಟರ್‌ನಿಂದ 1.6ಕ್ಕೆ ಇಳಿದರೆ ಕಾಯಿಲ್, ಫಿಲ್ಟರ್‌ಗಳ ಪ್ರೆಶರ್ ಡ್ರಾಪ್ (ಗಾಳಿಗೆ ಒಡ್ಡುವ ತಡೆ) ಸುಮಾರು ಅರ್ಧವಾಗುತ್ತದೆ. 1965ರಲ್ಲಿ ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ ಸಾಲ್ಕ್ ಇನ್‌ಸ್ಟಿಟ್ಯೂಟ್‌ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಕೊಟ್ಟ ಹಾಗೆ ಪ್ರತಿ ಲ್ಯಾಬಿನ ಮೇಲೂ ಪೈಪುಗಳಿಗೆಂದೇ ಒಂದು ಮಹಡಿ ಸಿಕ್ಕಿದ್ದರೆ ಹಬ್ಬ. ನಮ್ಮ ಬಜೆಟ್‌ಗೆ 4.5 ಮೀಟರ್ ಮಹಡಿ ಎತ್ತರವೇ ಗೆದ್ದ ಹಾಗೆ.

ಉಪಕರಣಗಳ ಲೋಡ್ ವಿಷಯದಲ್ಲಿ ಕಾಲು ಅಳೆಯದೆ ಹಾಸಿಗೆ ಹೊಲಿಸುವವರೇ ಹೆಚ್ಚು. ನೇಮ್‌ಪ್ಲೇಟ್ ಮೇಲೆ ಬರೆದ ವಿದ್ಯುತ್ತನ್ನೆಲ್ಲ ಕೂಡಿಸಿ ಚದರ ಮೀಟರ್‌ಗೆ 100 ವ್ಯಾಟ್ ಅಂದಿದ್ದರು. ಹಳೆಯ ಲ್ಯಾಬಿನ ಪ್ಯಾನೆಲ್‌ಗೆ ಎರಡು ವಾರ ಲಾಗರ್ (ಬಳಕೆ ದಾಖಲಿಸುವ ಉಪಕರಣ) ಕಟ್ಟಿ ನೋಡಿದರೆ ಪೀಕ್ 35 ದಾಟಲಿಲ್ಲ. 50ಕ್ಕೆ ಡಿಸೈನ್ ಮಾಡಿ, ಮುಂದೆ ಬೇಕಾದರೆ ಇರಲಿ ಅಂತ ತಣ್ಣೀರ ಪೈಪಿನಲ್ಲಿ ಟ್ಯಾಪಿಂಗ್ ಬಿಟ್ಟೆವು.

ಈಗ ತೊಟ್ಟಿಕ್ಕಿದ ಕಥೆ. ಕೋಣೆ 24 ಡಿಗ್ರಿ, ತೇವಾಂಶ 50% ಇದ್ದರೆ ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆ) 13ರ ಹತ್ತಿರ. 60% ಆದರೆ 16ಕ್ಕೆ ಏರುತ್ತದೆ. ಬೀಮ್‌ಗೆ 15 ಡಿಗ್ರಿ ನೀರು ಬಿಟ್ಟಿದ್ದೆವು. ಸಾಮಾನು ಸಾಗಿಸುವವರು ಬಾಗಿಲಿಗೆ ಇಟ್ಟಿಗೆ ಕೊಟ್ಟು ಅರ್ಧ ದಿನ ತೆರೆದಿಟ್ಟರು. ಮೊದಲು ಬೆವೆತದ್ದು ಬೀಮ್ ಅಲ್ಲ, ಇನ್ಸುಲೇಷನ್ ಇಲ್ಲದ ವಾಲ್ವ್ ಬಾಡಿ ಮತ್ತು ಫ್ಲೆಕ್ಸಿಬಲ್ ಹೋಸ್. ಅವನ್ನು ಮುಚ್ಚಿ, ಝೋನ್‌ಗೊಂದು ಡ್ಯೂ ಪಾಯಿಂಟ್ ಸೆನ್ಸರ್ ಕೂರಿಸಿ, ನೀರು ಯಾವಾಗಲೂ ಅದಕ್ಕಿಂತ 2 ಡಿಗ್ರಿ ಮೇಲಿರುವಂತೆ ಮಾಡಿದೆವು. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ವಾಲ್ವ್ ತಾನೇ ಮುಚ್ಚುತ್ತದೆ.

ಹುಡ್ ಸೋರಿದ್ದು ಇನ್ನೂ ಕೆಟ್ಟದ್ದು. ಆಶ್ರೇ 110 ಟ್ರೇಸರ್ ಗ್ಯಾಸ್ ಟೆಸ್ಟ್‌ನಲ್ಲಿ (ಹುಡ್ ಒಳಗೆ ಗ್ಯಾಸ್ ಬಿಟ್ಟು ಎಷ್ಟು ಆಚೆ ಸೋರುತ್ತೆ ಅಂತ ಅಳೆಯುವ ಅಮೆರಿಕದ ವಿಧಾನ), ನಿಮಿಷಕ್ಕೆ 4 ಲೀಟರ್ ಬಿಟ್ಟಾಗ, ನಾವು ಇಟ್ಟುಕೊಂಡ 0.1 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.1 ಭಾಗ) ಮಿತಿಯನ್ನು ಮೂರು ಹುಡ್ ದಾಟಿದವು. ಬಾಯಿಯ ವೇಗ ನೋಡಿದರೆ ಸರಿಯಾಗಿ 0.5. 0.6ಕ್ಕೆ ಏರಿಸಿದೆವು, ಪ್ರಯೋಜನವಾಗಲಿಲ್ಲ. ದೋಷ ಹುಡ್‌ನಲ್ಲೇ ಇರಲಿಲ್ಲ, ಸೀಲಿಂಗ್‌ನಲ್ಲಿತ್ತು: ಡಿಫ್ಯೂಸರ್‌ನ (ಕೋಣೆಗೆ ಗಾಳಿ ಬಿಡುವ ಜಾಲರಿ) ಗಾಳಿ ಸ್ಯಾಷ್ ಮುಂದೆ 0.35ರಲ್ಲಿ ಅಡ್ಡ ಬೀಸುತ್ತಿತ್ತು. ಬಾಯಿಯ ವೇಗದ ಅರ್ಧಕ್ಕಿಂತ ಅದು ಕಡಿಮೆ ಇರಬೇಕು, ನಾವು 0.15 ಗುರಿ ಇಟ್ಟೆವು. ಡಿಫ್ಯೂಸರ್‌ಗಳನ್ನು ಒಂದೂವರೆ ಮೀಟರ್ ಹಿಂದೆ ಸರಿಸಿ, ತೂತಿನ ತಗಡಿನ ಬಗೆಗೆ ಬದಲಾಯಿಸಿದೆವು. ಯಾವ ಸಾಲಿನ ತೂತು ಮುಚ್ಚಿದೆವು ಅನ್ನುವುದು ಮಾತ್ರ ನಮ್ಮಲ್ಲೇ ಇರಲಿ. ಮರುಟೆಸ್ಟ್‌ನಲ್ಲಿ 24ಕ್ಕೆ 24 ಪಾಸ್.

ಕೋಣೆಯ ಪ್ರೆಶರನ್ನು ನೇರವಾಗಿ ಕಂಟ್ರೋಲ್ ಮಾಡಲು ಹೋಗಿ ಒಂದು ತಿಂಗಳು ಹಾಳಾಯಿತು. ಬಾಗಿಲು ತೆರೆದರೆ ಸಿಗ್ನಲ್ ಸೊನ್ನೆ, ವಾಲ್ವ್‌ಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಎಕ್ಸಾಸ್ಟ್‌ಗಿಂತ ಸಪ್ಲೈ 10% ಕಡಿಮೆ ಅನ್ನುವ ಫ್ಲೋ ಆಫ್‌ಸೆಟ್‌ಗೆ ಬಂದ ಮೇಲೆ ಶಾಂತಿ.

ತಾರಸಿಯಲ್ಲಿ ಸ್ಟ್ಯಾಕ್‌ನಿಂದ (ಗಾಳಿ ಆಚೆ ಬಿಡುವ ಚಿಮಣಿ) ಹೊರಡುವ ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್ ಉಳಿಯಬೇಕು. ಒಂದೇ ದೊಡ್ಡ ಫ್ಯಾನ್ ಇಟ್ಟರೆ, ಆ ವೇಗ ಉಳಿಸಲು ಬೈಪಾಸ್ ಡ್ಯಾಂಪರ್ (ತೆರೆದು ಮುಚ್ಚುವ ತಗಡು) ಹೊರಗಿನ ಗಾಳಿ ಎಳೆದು ಉಳಿತಾಯವನ್ನೆಲ್ಲ ತಿನ್ನುತ್ತದೆ. ಸ್ಟ್ಯಾಕ್ ಸಮೇತ ಮೂರು ಚಿಕ್ಕ ಫ್ಯಾನ್ ಇಟ್ಟು ಒಂದೊಂದಾಗಿ ನಿಲ್ಲಿಸುತ್ತೇವೆ. ಗಾಳಿ ಅರ್ಧವಾದರೆ ವಿದ್ಯುತ್ ಎಂಟನೇ ಒಂದಕ್ಕೆ ಇಳಿಯುತ್ತೆ ಅಂತ ಪುಸ್ತಕ. ಸಪ್ಲೈ ಫ್ಯಾನ್‌ನಲ್ಲಿ ಡಕ್ಟ್ ಸ್ಟ್ಯಾಟಿಕ್ ಸೆಟ್‌ಪಾಯಿಂಟ್ (ಡಕ್ಟ್‌ನಲ್ಲಿ ಕಾಯ್ದುಕೊಳ್ಳುವ ಒತ್ತಡ) ಬಿಗಿಯಾಗಿದ್ದಾಗ ಮೂರನೇ ಒಂದಕ್ಕಷ್ಟೇ ಇಳಿಯಿತು. ಸೆಟ್‌ಪಾಯಿಂಟ್ ರೀಸೆಟ್ (ಬೇಡಿಕೆಗೆ ತಕ್ಕಂತೆ ಆ ಒತ್ತಡ ಬದಲಿಸುವುದು) ಹಾಕಿದ ಮೇಲೆ ನಾಲ್ಕನೇ ಒಂದಕ್ಕೆ.

ಪಕ್ಕದ ಪ್ರಯೋಗಗಳೂ ನಡೆದವು. ಸ್ಯಾಷ್ ತಾನೇ ಮುಚ್ಚುವ ಮೋಟರ್‌ಗೆ ಸುರಿದ ದುಡ್ಡು ನೀರುಪಾಲು. ಸೆನ್ಸರ್‌ಗೆ ಟೇಪ್ ಅಂಟಿಸಿದರು. ಅದರ ಬದಲು ಲ್ಯಾಬಿನ ಬಾಗಿಲಲ್ಲಿ ಎಷ್ಟು ಸ್ಯಾಷ್ ತೆರೆದಿವೆ ಅಂತ ತೋರಿಸುವ ಬೋರ್ಡ್ ಹಾಕಿದೆವು, ಅದು ನಾಚಿಸಿ ಕೆಲಸ ಮಾಡಿಸಿತು. ಎಎಚ್‌ಯು ಕಂಡೆನ್ಸೇಟ್ (ಗಾಳಿ ತಣಿಸುವಾಗ ಇಳಿಯುವ ನೀರು) ಬಳಸಿದ್ದು ಗೆದ್ದಿತು: ಕಿಲೋ ಗಾಳಿಗೆ 18 ಗ್ರಾಂ ತೇವವನ್ನು 9ಕ್ಕೆ ಇಳಿಸುವ ದಿನ, ಪೀಕ್‌ನಲ್ಲಿ ಗಂಟೆಗೆ 200 ಲೀಟರ್ ಮೇಲೆ ಬರುತ್ತದೆ. ಅದೆಲ್ಲ ಕೂಲಿಂಗ್ ಟವರ್‌ಗೆ. ಹೀಟ್ ವ್ಹೀಲ್ (ಆಚೆ ಹೋಗುವ ಗಾಳಿಯ ತಂಪನ್ನು ಒಳಬರುವ ಗಾಳಿಗೆ ದಾಟಿಸುವ ಚಕ್ರ) ಬೇಡ ಅಂದೆವು, ಹುಡ್ ಗಾಳಿ ವಾಪಸ್ ಸೇರುವ ಭಯ. ರನ್ ಅರೌಂಡ್ ಕಾಯಿಲ್ (ಎರಡೂ ಗಾಳಿಯ ನಡುವೆ ನೀರು ಸುತ್ತಿಸಿ ತಂಪು ದಾಟಿಸುವ ಜೋಡಿ) 50% ವಾಪಸ್ ಕೊಟ್ಟರೂ ಸಾಕು. ಹವೆ ಹಿತವಾಗಿರುವಾಗ ಅದು ಬರೀ ಅಡ್ಡಿ, ಬೈಪಾಸ್ ಇಡಲೇಬೇಕು.

ಡ್ಯೂ ಪಾಯಿಂಟ್ ಸೆನ್ಸರ್‌ಗಳನ್ನು ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡಿ. ಒಂದು ಸಲ ತಪ್ಪಿಸಿದ್ದಕ್ಕೆ ಸೆನ್ಸರ್ ಎರಡು ಡಿಗ್ರಿ ಹೆಚ್ಚು ತೋರಿಸಿತು, ನೀರು ಬಿಸಿಯಾಯಿತು, ಕೋಣೆ ಸೆಕೆ ಅಂತ ದೂರು ಬಂತು. ಎಲ್ಲರೂ ಬೀಮ್ ಬೈದರು.