ಐವತ್ತೆರಡನೇ ವಯಸ್ಸಿಗೆ ಬಂಕ್ ಬೆಡ್: ಮಾಲ್ಟಾದಲ್ಲಿ ಐದು ರಾತ್ರಿ

"ಅವ್ವಾ, ಒಂದು ಖೋಲಿಯೊಳಗ ಆರು ಮಂದಿ. ನಡೀತದಲ್ಲ?" ಎಂದು ಮಗಳು ಫೋನಿನಲ್ಲಿ ಕೇಳಿದಾಗ ನಾನು ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಕಾಲೇಜು ಓದುವಾಗ ಐದು ವರ್ಷ ಲೇಡೀಸ್ ಹಾಸ್ಟೆಲಿನಲ್ಲಿ ಕಳೆದವಳಿಗೆ ಆರು ಮಂದಿ ಅಂದರೆ ಏನು ಹೆದರಿಕೆ? ನಡೀತದ ಅಂದೆ. ಮೇಲೊಂದು ಕೆಳಗೊಂದು ಹಾಸಿಗೆ ಅನ್ನೋದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. 2023ರ ನವೆಂಬರಿನಲ್ಲಿ ಅವಳನ್ನು ನೋಡಲು ಹೋದಾಗ, ಅಲ್ಲಿಯ ಚಳಿ ತಪ್ಪಿಸಿಕೊಳ್ಳಲೆಂದು ಐದು ದಿನ ಮಾಲ್ಟಾಕ್ಕೆ ಹಾರಿದೆವು. ಜರ್ಮನಿಗೆಂದು ಸಿಕ್ಕ ಷೆಂಗೆನ್ ವೀಸಾ ಅಲ್ಲಿಗೂ ನಡೆಯುತ್ತದೆ. ಸಿಸಿಲಿಯ ಕೆಳಗೆ ಮೆಡಿಟರೇನಿಯನ್ನಿನ ನಡುವೆ ಇರುವ ಈ ದೇಶ ಎಲ್ಲ ದ್ವೀಪ ಸೇರಿ 316 ಚದರ ಕಿಲೋಮೀಟರ್. ಇಂಗ್ಲಿಷ್ ಅಲ್ಲಿ ಆಡಳಿತ ಭಾಷೆಗಳಲ್ಲೊಂದು, ಹಾಗಾಗಿ ನನ್ನಂಥವಳು ಒಬ್ಬಳೇ ಅಂಗಡಿಗೆ ಹೋಗಿ ಬರಬಹುದು. ನಾವು ಇಳಿದ ಹಾಸ್ಟೆಲ್, ಅಂದರೆ ಪ್ರವಾಸಿಗರಿಗೆ ಒಂದೊಂದು ಹಾಸಿಗೆ ಬಾಡಿಗೆಗೆ ಕೊಡುವ ವಸತಿ, ಇದ್ದದ್ದು ಸ್ಲೀಮಾ ಊರಿನಲ್ಲಿ, ಸಮುದ್ರದಂಡೆಯ ರಸ್ತೆಯಿಂದ ಎರಡು ಓಣಿ ಹಿಂದೆ. ಹೆಂಗಸರ ಖೋಲಿಯಲ್ಲಿ ಒಬ್ಬರಿಗೆ ರಾತ್ರಿಗೆ 16 ಯೂರೋ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಸ್ವಲ್ಪ ಬೈಯುವುದಿದೆ.

ಕೌಂಟರಿನ ಹುಡುಗ ಪಾಸ್‌ಪೋರ್ಟ್ ನೋಡಿದ, ಆಮೇಲೆ 5 ಯೂರೋ ರೋಖ ಕೇಳಿದ. ಮಗಳಿಗೆ ಸಂಶಯ ಬಂತು, ಆನ್‌ಲೈನಿನಲ್ಲಿ ಪೂರ್ತಿ ಕಟ್ಟಿದ್ದಳಲ್ಲ. ಮೋಸವಲ್ಲ, ಅದು ಪ್ರವಾಸಿಗರ ಮೇಲಿನ ಪರಿಸರ ಶುಲ್ಕ: ಆಗ ದೊಡ್ಡವರಿಗೆ ತಲಾ ರಾತ್ರಿಗೆ ಅರ್ಧ ಯೂರೋ ಇತ್ತು, ಎಲ್ಲ ವಸತಿಗೂ ಉಂಟು. ಟವೆಲ್ಲಿಗೆ 3 ಯೂರೋ ಬಾಡಿಗೆ ಅಂದಾಗ ಮಾತ್ರ ನಾನು ಚೀಲದಿಂದ ನನ್ನದೇ ತೆಳು ಪಂಜೆ ತೆಗೆದು ತೋರಿಸಿದೆ. ಲಾಕರ್‌ಗೆ ಕೀಲಿಯೂ ನಮ್ಮದೇ. ಮನೆಯ ಟ್ರಂಕಿನ ಹಿತ್ತಾಳೆ ಕೀಲಿ ಒಯ್ದಿದ್ದೆ, ಅದರ ಕೊಂಡಿ ದಪ್ಪವಾಗಿ ಲಾಕರಿನ ತೂತಿಗೆ ಹೋಗಲಿಲ್ಲ. ಸೂಟ್‌ಕೇಸಿನ ಸಣ್ಣ ಕೀಲಿಯೇ ಸಾಕಿತ್ತು.

ಖೋಲಿಗೆ ಹೋದರೆ ನಮಗೆ ಉಳಿದದ್ದು ಎರಡೂ ಮೇಲಿನ ಹಾಸಿಗೆ. ಏಣಿಯೆಂದರೆ ಹೆಬ್ಬೆರಳು ದಪ್ಪದ ನಾಲ್ಕು ಕಬ್ಬಿಣದ ಸರಳು. ಬರಿಗಾಲಿನಲ್ಲಿ ಹತ್ತಿದರೆ ಅಂಗಾಲಿಗೆ ಒತ್ತುತ್ತದೆ, ಚಪ್ಪಲಿ ಹಾಕಿ ಹತ್ತಿದರೆ ಜಾರುತ್ತದೆ. ಹತ್ತುವುದು ಹೇಗೋ ಆಯಿತು. ರಾತ್ರಿ ಎರಡು ಗಂಟೆಗೆ ಇಳಿಯುವಾಗ ಗೊತ್ತಾಯಿತು ನೋಡಿ ನನ್ನ ವಯಸ್ಸು. ಕತ್ತಲಲ್ಲಿ ಮುಂದಿನ ಸರಳು ಎಲ್ಲಿದೆಯೆಂದು ಕಾಲಿನಿಂದ ತಡಕಾಡುತ್ತ, ನೈಟಿಯ ಅಂಚು ಒಂದು ಕೈಯಲ್ಲಿ ಹಿಡಿದು, ಪಲ್ಲಂಗ ಕಿರುಗುಟ್ಟಿದಾಗಲೆಲ್ಲ ಕೆಳಗಿನವಳು ಎದ್ದಾಳೆಂದು ನಿಂತು ನಿಂತು ಇಳಿದೆ.

ಕೆಳಗಿನವಳು ಎದ್ದೇ ಇದ್ದಳು. ಕೇರಳದ ಹುಡುಗಿ, ನರ್ಸ್. ಬೆಳಿಗ್ಗೆ ಅವಳೇ "ಆಂಟಿ, ನೀವು ಕೆಳಗೆ ಬನ್ನಿ" ಎಂದು ತನ್ನ ಚಾದರ ತೆಗೆದಳು. ಅವಳು ಅಲ್ಲಿ ಮೂರು ವಾರದಿಂದ ಇದ್ದಳಂತೆ. ಬಾಡಿಗೆಗೆ ಖೋಲಿ ಹುಡುಕುವವರೆಗೆ ಹಾಸ್ಟೆಲೇ ಮನೆ. ಆ ಖೋಲಿಯ ಆರು ಹಾಸಿಗೆಯಲ್ಲಿ ಪ್ರವಾಸಿಗರು ನಾವು ಮತ್ತು ಒಬ್ಬ ಪೋಲಿಷ್ ಹುಡುಗಿ ಮಾತ್ರ, ಉಳಿದವರೆಲ್ಲ ದುಡಿಯಲು ಬಂದವರು. ಬುಕ್ ಮಾಡುವಾಗಿನ ಫೋಟೋಗಳಲ್ಲಿ ಬರೀ ಗಿಟಾರು ಹಿಡಿದ ಹುಡುಗರು. ಇಲ್ಲಿ ನೋಡಿದರೆ ಬೆಳಗಿನ ಐದೂವರೆಗೆ ಮೊದಲ ಅಲಾರಂ, ಯೂನಿಫಾರ್ಮಿನ ಸಪ್ಪಳ. ಅವರ ನಿದ್ದೆಯ ಬೆಲೆ ನಮ್ಮ ನಿದ್ದೆಗಿಂತ ಹೆಚ್ಚು ಅನ್ನಿಸಿ ನಾವೂ ಹತ್ತಕ್ಕೇ ದೀಪ ಆರಿಸತೊಡಗಿದೆವು.

ಆ ಏಣಿ ನೆನೆದು ಹೇಳುತ್ತೇನೆ, ಮಂಡಿನೋವು ಇರುವವರು ಬುಕ್ ಮಾಡಿದ ದಿನವೇ ಕೆಳಗಿನ ಹಾಸಿಗೆ ಬೇಕೆಂದು ಬರೆದು ಕೇಳಿ. ಕೊಡುತ್ತೇವೆ ಅಂತ ಉತ್ತರ ಬಂದಿದ್ದರೂ ಮಧ್ಯಾಹ್ನದೊಳಗೆ ಹೋಗಿ ಹಿಡಿಯಿರಿ. ನಾವು ತಲುಪಿದ್ದು ರಾತ್ರಿ ಒಂಬತ್ತಕ್ಕೆ. ಕೆಳಗೆ ಇನ್ನೊಂದು ಅನುಕೂಲ, ಮೇಲಿನ ಹಾಸಿಗೆಯ ಅಂಚಿಗೆ ಓಢಣಿ ಸಿಕ್ಕಿಸಿದರೆ ಪರದೆಯಾಗುತ್ತದೆ.

ಇನ್ನು ಪ್ಲಗ್ಗಿನ ಕಥೆ. ಯುರೋಪ್ ಎಂದರೆ ದುಂಡು ಎರಡು ಕಡ್ಡಿಯ ಪ್ಲಗ್ಗು ಎಂದುಕೊಂಡು ಇಬ್ಬರೂ ನಿಶ್ಚಿಂತೆಯಿಂದ ಹೋಗಿದ್ದೆವು. ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಅವರು ಬಿಟ್ಟು ಹೋದದ್ದರಲ್ಲಿ ರಸ್ತೆಯ ಎಡಬದಿಯ ಸಂಚಾರವೂ ಇದೆ, ಚೌಕ ಮೂರು ಕಡ್ಡಿಯ ಸಾಕೆಟ್ಟೂ ಇದೆ. ನಮ್ಮ ಮನೆಯಂತೆ ಸಾಕೆಟ್ಟಿನ ಪಕ್ಕದಲ್ಲೇ ಸ್ವಿಚ್ಚು ನೋಡಿ ಖುಷಿಯಾಯಿತು, ಚಾರ್ಜರ್ ಹೋಗದ್ದು ನೋಡಿ ಆ ಖುಷಿ ಇಳಿಯಿತು. ನಾನು ಮೇಲಿನ ತೂತಿಗೆ ಪೆನ್ನು ಚುಚ್ಚಲು ಹೊರಟಿದ್ದೆ. "ಅವ್ವಾ, ನಿನ್ನ ಹುಬ್ಬಳ್ಳಿ ವಿದ್ಯಾ ಇಲ್ಲಿ ಬ್ಯಾಡ" ಎಂದು ಮಗಳು ಪೆನ್ನು ಕಸಿದುಕೊಂಡಳು. ಮರುದಿನ ಅಡಾಪ್ಟರ್ ಕೊಂಡೆವು.

ದುಡ್ಡು ಉಳಿದದ್ದು ಎಲ್ಲಿ ಅಂದರೆ ಅಡುಗೆಮನೆಯಲ್ಲಿ. ನಾವು ಸಸ್ಯಾಹಾರಿಗಳು, ದ್ವೀಪದ ಹೋಟೆಲುಗಳಲ್ಲಿ ಮೀನು, ಮೊಲದ ಮಾಂಸ. ಇಬ್ಬರು ಹೊರಗೆ ಕೂತು ಒಂದು ಸಲ ಪಾಸ್ತಾ ತಿಂದೆದ್ದರೆ ನಮ್ಮ ಒಂದು ರಾತ್ರಿಯ ಹಾಸಿಗೆಗಳ ಬಾಡಿಗೆ ಹೋದಂತೆ. ನನ್ನ ಚೀಲದಲ್ಲಿ ಸಜ್ಜಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ರವೆ ಇದ್ದವು. ಪೇಡೆ ಮಾತ್ರ ಇರಲಿಲ್ಲ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಧಾರವಾಡದವಳಾಗಿ ಪೇಡೆ ಇಲ್ಲದೆ ಮಗಳ ಮನೆಗೆ ಹೋಗುವುದೆಂದರೆ!

ಹಾಸ್ಟೆಲ್ ಅಡುಗೆಮನೆಗೆ ಹೋದ ಕೂಡಲೇ ಅಂಗಡಿಗೆ ಓಡಬೇಡಿ. ಅಲ್ಲೊಂದು ಕಪಾಟು ಇರುತ್ತದೆ, ಊರು ಬಿಡುವವರು ಉಳಿದ ಸಾಮಾನು ಇಟ್ಟು ಹೋಗುತ್ತಾರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಮಗೆ ಅರ್ಧ ಬಾಟಲಿ ಎಣ್ಣೆ, ಉಪ್ಪು, ಎರಡು ಪಾಕೀಟು ಪಾಸ್ತಾ, ಚಹಾದ ಚೀಲಗಳು ಸಿಕ್ಕವು. ಆದರೆ ಮೊದಲ ಚಹಾ ಬಾಯಿಗಿಡಲಾಗಲಿಲ್ಲ. ಆ ದ್ವೀಪದಲ್ಲಿ ನದಿಯೇ ಇಲ್ಲ. ಕುಡಿಯುವ ನೀರಿನ ಅರ್ಧಕ್ಕೂ ಹೆಚ್ಚು ಪಾಲು ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ನಳದ ನೀರಿಗೆ ದೋಷವಿಲ್ಲ, ಕುಡಿಯಬಹುದು, ಅಡುಗೆಗೂ ಆದೀತು, ಚಹಾಕ್ಕೆ ಮಾತ್ರ ಬ್ಯಾಡ. ಬಾಟಲಿ ನೀರು ತಂದೆವು. ಪ್ರತಿ ಬಾಟಲಿಗೆ 10 ಸೆಂಟ್ ಹೆಚ್ಚಿಗೆ ಹಿಡಿಯುತ್ತಾರೆ, ಖಾಲಿ ಬಾಟಲಿಯನ್ನು ಯಂತ್ರಕ್ಕೆ ಕೊಟ್ಟರೆ ವಾಪಸು. ಅದನ್ನು ಅಪ್ಪಚ್ಚಿ ಮಾಡಿದರೆ ಯಂತ್ರ ಒಲ್ಲೆ ಅನ್ನುತ್ತದೆ. ನಾನು ಎರಡು ಬಾಟಲಿ ನುಗ್ಗುನುರಿ ಮಾಡಿದ ಮೇಲೆ ಅದು ತಿಳಿಯಿತು.

ಎರಡನೇ ದಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಗಾಜಿನ ಒಲೆ, ತೆಳು ಬಾಣಲೆ, ಬ್ಯಾಡಗಿ ಮೆಣಸಿನಕಾಯಿ ಕ್ಷಣದಲ್ಲಿ ಕಪ್ಪಾಯಿತು. ಘಾಟು ಎದ್ದು ಟೇಬಲ್ಲಿನಲ್ಲಿ ಕೂತಿದ್ದವರೆಲ್ಲ ಕೆಮ್ಮುತ್ತ ಬಾಲ್ಕನಿಗೆ ಹೋದರು. ಒಬ್ಬ ಗಂಡಸು ನನ್ನ ಮುಖ ನೋಡಿ ಕಿಟಕಿ ತೆರೆದ ರೀತಿಗೆ ನಾನು ತಲೆ ತಗ್ಗಿಸಿದೆ. ಆಮೇಲೆ ಮೆಣಸಿನಕಾಯಿ ಕೈಬಿಟ್ಟು, ಸಾಸಿವೆ ಚಟಪಟ ಅಂದ ತಕ್ಷಣ ಉಳ್ಳಾಗಡ್ಡಿ ಹಾಕಿ, ಖಾರಕ್ಕೆ ತಟ್ಟೆಯಲ್ಲೇ ಚಟ್ನಿಪುಡಿ. ಮಾಡಿಟ್ಟ ಉಪ್ಪಿಟ್ಟಿನ ಡಬ್ಬಿಯ ಮೇಲೆ ಹೆಸರು, ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟಿದ್ದೆ. ಸಂಜೆ ಡಬ್ಬಿ ತೊಳೆದು ಬೋರಲು ಹಾಕಿತ್ತು. ತಿಂದವರು ಕಳ್ಳರಾದರೂ ಸಂಸ್ಕಾರವಂತರು.

ಹೊರಗಿನ ತಿಂಡಿಯಲ್ಲಿ ನಮ್ಮ ಕೈ ಹಿಡಿದದ್ದು ಪಾಸ್ತಿತ್ಸಿ. ಎಣ್ಣೆ ಒಸರುವ, ಪದರು ಪದರಾದ ಗರಿಗರಿ ಕಣಕದೊಳಗೆ ರಿಕೊಟಾ ಚೀಸು, ಇಲ್ಲವೇ ಅರೆದ ಬಟಾಣಿ. ಒಂದು ಯೂರೋದೊಳಗೆ ಒಂದು ಬರುತ್ತದೆ. ಹಿಟ್ಟಿಗೆ ಕೆಲವು ಕಡೆ ಹಂದಿಯ ಕೊಬ್ಬು ಬೆರೆಸುವ ರೂಢಿಯಿದೆ, ಕೇಳಿಯೇ ತಿನ್ನಬೇಕು. ನಾವು ಕೇಳಿದ ಅಂಗಡಿಯಲ್ಲಿ ಮಾರ್ಗರಿನ್ ಅಂದರು.

ತಿರುಗಾಟ ಬರೆಯುತ್ತ ಕೂತರೆ ಇದು ಮುಗಿಯುವುದಿಲ್ಲ. ಸ್ಲೀಮಾದಿಂದ ದೋಣಿಯಲ್ಲಿ ರಾಜಧಾನಿ ವಲೆಟ್ಟಾಕ್ಕೆ ದಾಟಿದೆವು, ಸೇಂಟ್ ಜಾನ್ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರಾವಾಜ್ಜೋ 1608ರಲ್ಲಿ ಬರೆದ ಚಿತ್ರದ ಮುಂದೆ ನಿಂತೆವು. ಬಸ್ಸಿಗೆ ನಮ್ಮ ಹಳ್ಳಿಗಳಲ್ಲಿ ಮಾಡುವಂತೆ ಕೈ ಅಡ್ಡ ಮಾಡಲೇಬೇಕು, ಇಲ್ಲದಿದ್ದರೆ ಸ್ಟಾಪಿನಲ್ಲಿ ನಿಂತಿದ್ದರೂ ಮುಂದೆ ಹೋಗುತ್ತದೆ. ಗೋಜೋ ದ್ವೀಪಕ್ಕೆ ಹೋಗುವ ಹಡಗಿಗೆ ಟಿಕೆಟ್ ಕೇಳುವವರೇ ಇಲ್ಲ, ನಾನು ಗಾಬರಿಯಾದೆ. ದುಡ್ಡು ತೆಗೆದುಕೊಳ್ಳುವುದು ವಾಪಸು ಬರುವಾಗ ಮಾತ್ರವಂತೆ. ಅಲ್ಲಿ 2017ರ ಮಾರ್ಚಿನಲ್ಲಿ ಬಿರುಗಾಳಿಗೆ ಕುಸಿದು ಬಿದ್ದ ಕಲ್ಲಿನ ಕಮಾನು, ಅಝೂರ್ ವಿಂಡೋ, ಇದ್ದ ಜಾಗದೆದುರು ಕೂತು ಖಡಕ್ ರೊಟ್ಟಿ ಮುರಿದೆವು. ಸುತ್ತ ಪಾಪಾಸುಕಳ್ಳಿ, ಒರಟು ಕಲ್ಲಿನ ಒಡ್ಡು.

ಸಂಜೆ ಹಾಸ್ಟೆಲಿನ ಟಿವಿಯಲ್ಲಿ ಮಾಲ್ಟೀಸ್ ವಾರ್ತೆ ಬರುತ್ತಿತ್ತು. ಪರದೆಯ ಮೇಲಿನ ಅಕ್ಷರ ಇಂಗ್ಲಿಷಿನಂತೆ, ಕಿವಿಗೆ ಬೀಳುವುದು ಅರಬ್ಬಿಯಂತೆ. ವಾರ್ತೆಗೆ ಅವರು "ಅಹ್ಬಾರಿಯೆತ್" ಅನ್ನುತ್ತಾರೆ. ಮಗಳಿಗೆ ಹೇಳಿದೆ, "ನೋಡ, ನಮ್ಮ ಖಬರು!" ಕನ್ನಡ ಕಲಿಸುತ್ತ ಇಪ್ಪತ್ತಾರು ವರ್ಷ ಆದರೂ ಇಂಥದ್ದು ಸಿಕ್ಕರೆ ನನಗೆ ಅವತ್ತಿನ ಊಟ ಬೇಡ.

ಒಗೆದ ಬಟ್ಟೆ ಮಾತ್ರ ಸೋಲಿಸಿತು. ಆ ಮನೆಗಳೆಲ್ಲ ಮೆದು ಸುಣ್ಣದ ಕಲ್ಲಿನವು, ನವೆಂಬರಿನಲ್ಲಿ ಗೋಡೆ ಥಂಡಿ ಹಿಡಿದಿರುತ್ತದೆ, ಖೋಲಿಯೊಳಗೆ ಏನೂ ಒಣಗುವುದಿಲ್ಲ. ಮಾಳಿಗೆ ಹತ್ತಿದರೆ ನೀರಿನ ಟಾಕಿ, ಹಗ್ಗ, ಪಕ್ಕದ ಮನೆಗಳ ಮಾಳಿಗೆ, ಥೇಟ್ ನಮ್ಮ ಓಣಿ. ಅಲ್ಲಿ ಹಾಕಿದ ಬಟ್ಟೆಗೆ ಮಧ್ಯಾಹ್ನ ಮಳೆ ಬಂತು. ಸಲ್ವಾರ್ ಹಸಿಯಿದ್ದಂತೆಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜರ್ಮನಿಗೆ ಒಯ್ದೆ.

ಕೊನೆಯ ದಿನದ ವಿಮಾನ ನಸುಕಿನಲ್ಲಿತ್ತು. ಹಾಸ್ಟೆಲಿನಲ್ಲಿ ಗೊರಕೆಯನ್ನು ಕ್ಷಮಿಸುತ್ತಾರೆ, ನಸುಕಿನ ಪ್ಲಾಸ್ಟಿಕ್ ಚೀಲದ ಪರಪರ ಸಪ್ಪಳವನ್ನು ಯಾರೂ ಕ್ಷಮಿಸುವುದಿಲ್ಲ. ಅದಕ್ಕೆ ರಾತ್ರಿಯೇ ಎಲ್ಲ ಸಾಮಾನು ಪಡಸಾಲೆಗೆ ಒಯ್ದು ತುಂಬಿದೆ. ಉಳಿದ ರವೆ, ಚಟ್ನಿಪುಡಿ ಕಪಾಟಿಗೆ ಹೋದವು. ಚಟ್ನಿಪುಡಿಯ ಮೇಲೆ ಶೇಂಗಾ ಇದೆಯೆಂದು ಮಗಳು ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆದಳು, ಕೆಲವರಿಗೆ ಅದು ಆಗಿಬರುವುದಿಲ್ಲ. ನಾಲ್ಕು ಗಂಟೆಗೆ ದೀಪ ಹಚ್ಚದೆ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದೆವು. ಇಷ್ಟು ಸದ್ದಿಲ್ಲದೆ ನಾನು ಯಾವ ಮನೆಯಿಂದಲೂ ಹೊರಟಿಲ್ಲ ಎಂದು ಬಸ್ಸಿನಲ್ಲಿ ಬೀಗುತ್ತಿರುವಾಗ ಫೋನು ಕೆಂಪು ಗೆರೆ ತೋರಿಸಿತು. ಚಾರ್ಜರ್, ಅಡಾಪ್ಟರ್ ಎರಡೂ ಕೆಳಗಿನ ಹಾಸಿಗೆಯ ತಲೆದೆಸೆಯ ಸಾಕೆಟ್ಟಿನಲ್ಲೇ ಉಳಿದಿದ್ದವು.